ಟಿವಿಯವರು ಕಾಡುಪ್ರಾಣಿಯನ್ನು ಕೈಯಲ್ಲಿ ಹಿಡಿದೇ ತೋರಿಸ್ಬೇಕಾ?

ಬದಿಯಡ್ಕ ತೋಟದವ:
ನಮಸ್ಕಾರ ಎಲ್ಲರಿಗೂ. ಇಲ್ಲಿ ಹಾವು ರೆಸ್ಕ್ಯೂ ಮಾಡುವವರು ಇದ್ದೀರಿ, ಕಾಡಂಚಲ್ಲಿ ಕೃಷಿ ಮಾಡುವವರು ಇದ್ದೀರಿ, ಆಸ್ಪತ್ರೆಯಲ್ಲಿ ಕೆಲಸ ಮಾಡುವವರೂ ಇದ್ದೀರಿ, ಅದಕ್ಕೇ ಇಲ್ಲಿ ಕೇಳ್ತಾ ಇದ್ದೇನೆ. ಟಿವಿಯಲ್ಲಿ ವನ್ಯಜೀವಿ ಕಾರ್ಯಕ್ರಮ ಮಾಡುವವರು ಪ್ರಾಣಿಯನ್ನು ಹಿಡಿದು, ಎತ್ತಿ, ಕ್ಯಾಮರಾದ ಹತ್ತಿರ ತಂದು ತೋರಿಸುವುದು ಸರಿಯಾ? ನನಗೆ ಸರಿ ಕಾಣುವುದಿಲ್ಲ. ಮೊಸಳೆಯ ಬೆನ್ನಿಗೆ ಹಾರುವುದು, ನಾಗರಹಾವಿನ ಬಾಲ ಹಿಡಿದು ತೂಗುವುದು, ಹೆಬ್ಬಾವನ್ನು ಕುತ್ತಿಗೆಗೆ ಹಾಕಿಕೊಳ್ಳುವುದು, ಇದರಲ್ಲಿ ಆ ಪ್ರಾಣಿಯ ಬಗ್ಗೆ ನಮಗೆ ಗೊತ್ತಾಗುವುದು ಎಂತ? ಹೆದರಿದ್ರೆ ಬಾಯಿ ತೆರೀತದೆ, ಕಚ್ಚಲಿಕ್ಕೆ ಬರ್ತದೆ, ಅಷ್ಟೆ. ಅದು ಎಲ್ಲಿ ಮೊಟ್ಟೆ ಇಡ್ತದೆ, ಎಂತ ತಿಂತದೆ, ಮಳೆಗಾಲದಲ್ಲಿ ಎಲ್ಲಿರ್ತದೆ, ಅದೆಲ್ಲ ಬರುವುದೇ ಇಲ್ಲ.

ನಮ್ಮ ಕಾಸರಗೋಡಿನಲ್ಲಿ ತೋಟದಲ್ಲಿ ಕೇರೆ ಕಂಡ್ರೆ ಹುಡುಗರು ಈಗ ಹೊಡೆಯುವುದಿಲ್ಲ, ಅದು ಒಳ್ಳೆಯದೇ, ಆದ್ರೆ ಫೋನನ್ನು ಒಬ್ಬನ ಕೈಗೆ ಕೊಟ್ಟು ಇನ್ನೊಬ್ಬ ಬಾಲಕ್ಕೆ ಕೈ ಹಾಕ್ತಾನೆ. ಸೋಗೆಯ ಅಡಿಯಲ್ಲಿರುವುದು ಯಾವಾಗ್ಲೂ ಕೇರೆಯೇ ಆಗಿರ್ತದೆ ಅಂತ ಉಂಟಾ? ಈ ಕೈ ಹಾಕುವ ಅಭ್ಯಾಸ ನಮ್ಮ ಹಿರಿಯರಿಂದ ಬಂದದ್ದಲ್ಲ, ಅವರು ನಾಗಬನದ ಹತ್ತಿರ ಚಪ್ಪಲಿ ಹಾಕಿ ಸಹ ಹೋಗ್ತಿರ್ಲಿಲ್ಲ, ಬಿದ್ದ ಕಟ್ಟಿಗೆ ಸಹ ಅಲ್ಲಿಂದ ತರ್ತಿರ್ಲಿಲ್ಲ. ಇದು ಸ್ಕ್ರೀನಿನಿಂದ ಬಂದದ್ದು. "ಇದನ್ನು ಮನೆಯಲ್ಲಿ ಪ್ರಯತ್ನಿಸಬೇಡಿ" ಅಂತ ಕೆಳಗೆ ಒಂದು ಸಾಲು ಹಾಕಿದ್ರೆ ಯಾರು ಓದ್ತಾರೆ, ಕಣ್ಣು ಇರುವುದು ಕೈಯ ಮೇಲೆ.

ಮಂಜೇಶ್ವರದ ಮೊಸಳೆಪ್ರೇಮಿ:
ಇದಕ್ಕೆ ನಾನು ಒಪ್ಪುವುದಿಲ್ಲ ಮಾರಾಯ್ರೆ. ಮೊಸಳೆಯ ಬೆನ್ನು ಅಂದಾಗ್ಲೇ ನೀವು ಹೇಳುವುದು ಟಿವಿಯಲ್ಲಿ ಮೊಸಳೆ ಹಿಡಿದು ತೋರಿಸ್ತಿದ್ದ ಆಸ್ಟ್ರೇಲಿಯಾದ ಸ್ಟೀವ್ ಇರ್ವಿನ್ ಬಗ್ಗೆ ಅಂತ ಗೊತ್ತಾಯ್ತು. ಅವನು ಟಿವಿಗೆ ಬೇಕಾಗಿ ಮೊಸಳೆ ಹಿಡಿಲಿಕ್ಕೆ ಕಲಿತವನಲ್ಲ. ಕ್ವೀನ್ಸ್‌ಲ್ಯಾಂಡಿನ ಬೀರ್‌ವಾದಲ್ಲಿ ಅಪ್ಪ ಅಮ್ಮನದ್ದು ಸರೀಸೃಪಗಳ ಪಾರ್ಕ್ ಇತ್ತು, ಸಣ್ಣ ಪ್ರಾಯದಿಂದಲೇ ಅಪ್ಪನ ಜೊತೆ ಹೋಗ್ತಿದ್ದ, ಆಮೇಲೆ ಜನವಸತಿ ಹತ್ತಿರ ಬಂದ ಮೊಸಳೆಗಳನ್ನು ಸರಕಾರದ ಯೋಜನೆಯಲ್ಲಿ ಹಿಡಿದು ಬೇರೆ ಕಡೆ ಸಾಗಿಸಿದ. ಹಾಗೆ ಹಿಡಿಯದಿದ್ರೆ ಅವಕ್ಕೆ ಗುಂಡೇ ಗತಿ. 1992ರಲ್ಲಿ ಮದುವೆಯಾಗಿ ಹನಿಮೂನಿಗೆ ಹೋದದ್ದೂ ಮೊಸಳೆ ಹಿಡಿಲಿಕ್ಕೆ, ಅಲ್ಲಿ ತೆಗೆದ ವಿಡಿಯೋದಿಂದಲೇ ಕಾರ್ಯಕ್ರಮ ಶುರು ಆದದ್ದು, 1996ರಿಂದ ಲೋಕ ಇಡೀ ನೋಡಿತು.

ಹುಲಿ, ಪಾಂಡಾ, ಡಾಲ್ಫಿನ್ ಇವಕ್ಕೆಲ್ಲ ಪ್ರೀತಿಸುವ ಜನ ಮೊದಲೇ ಇದ್ರು. ಮೊಸಳೆಗೆ ಯಾರಿದ್ರು? ಹಾವಿಗೆ ಯಾರಿದ್ರು? ನಮ್ಮ ಮನೆಯಲ್ಲಿ ಹಲ್ಲಿ ಕಂಡ್ರೂ ಹಿಡಿಸೂಡಿ ತೆಗೀತಿದ್ರು, ಅಂಥಾ ಮನೆಯಲ್ಲಿ ಬೆಳೆದ ನಾನು ಹಾವನ್ನು ಚಂದ ಅಂತ ಮೊದಲ ಸಲ ನೋಡಿದ್ದು ಅವನ ಕೈಯಲ್ಲಿ. ಅವನು ದುಡಿದ ದುಡ್ಡಲ್ಲಿ ಜಾಗ ತೆಗೆದು ಕಾಡಿಗೆ ಬಿಟ್ಟ, 2002ರಲ್ಲಿ ವೈಲ್ಡ್‌ಲೈಫ್ ವಾರಿಯರ್ಸ್ ಅಂತ ಸಂಸ್ಥೆ ಕಟ್ಟಿದ, ಉಪ್ಪುನೀರಿನ ಮೊಸಳೆಗಳಿಗೆ ಟ್ರ್ಯಾಕರ್ ಹಾಕಿ ಅಧ್ಯಯನ ಮಾಡುವ ಕೆಲಸ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಜೊತೆ ಇವತ್ತಿಗೂ ನಡೀತಾ ಉಂಟು. ಮುಟ್ಟದೆ ಟ್ರ್ಯಾಕರ್ ಹಾಕ್ಲಿಕ್ಕೆ ಆಗ್ತದಾ ಹೇಳಿ.

ಮತ್ತೆ ಸತ್ತದ್ದು ಪ್ರಾಣಿ ಹಿಡಿಯುವಾಗ ಅಂತ ಸುಮಾರು ಜನ ಹೇಳ್ತಾರೆ, ತಪ್ಪು. 2006 ಸೆಪ್ಟೆಂಬರ್ 4ಕ್ಕೆ ಬ್ಯಾಟ್ ರೀಫಿನಲ್ಲಿ, ಹೆಚ್ಚು ಆಳ ಇಲ್ಲದ ನೀರಲ್ಲಿ ತೊರಕೆ ಮೀನಿನ ಹತ್ತಿರ ಈಜ್ತಾ ಇದ್ದ, ಅದರ ಬಾಲದ ಮುಳ್ಳು ಎದೆಗೆ ಹೊಕ್ಕಿತು. ಪ್ರಾಯ 44.

ಕುಂಬಳೆ ಸೀಮೆ:
ಮೊಸಳೆ ಅಂದ್ರೆ ನಮಗೆ ಬಬಿಯಾ ಅಲ್ವಾ 🙏 ಅನಂತಪುರ ದೇವಸ್ಥಾನದ ಕೆರೆಯಲ್ಲಿ ಅಷ್ಟು ವರ್ಷ ಇತ್ತು, 2022 ಅಕ್ಟೋಬರ್ 9ಕ್ಕೆ ಹೋಯ್ತು, ಅವತ್ತು ಊರಿಗೆ ಊರೇ ಬಂದಿತ್ತು, ಜಾತಿ ಮತ ಎಂತದೂ ನೋಡದೆ ಜನ ಬಂದಿದ್ರು. ನನ್ನ ಪ್ರಶ್ನೆ ಇದು: ಬಬಿಯಾ ಮೇಲೆ ನಮಗೆ ಇಷ್ಟು ಪ್ರೀತಿ ಬಂದದ್ದು ಯಾರೋ ಅದರ ಬೆನ್ನ ಮೇಲೆ ಕೂತು ತೋರಿಸಿದ್ದರಿಂದಲಾ? ನೈವೇದ್ಯ ಕೊಡುವ ಅರ್ಚಕರನ್ನು ಬಿಟ್ರೆ ಬೇರೆಯವರು ಹತ್ತಿರ ಹೋಗ್ಲಿಕ್ಕೆ ಇರ್ಲಿಲ್ಲ, ಕೆರೆಯ ಕಟ್ಟೆಯಲ್ಲಿ ನಿಂತು ಕಾದು ಕಾದು, ಮೂಗು ಮಾತ್ರ ಕಂಡ್ರೂ ಖುಷಿಯಲ್ಲಿ ಮನೆಗೆ ಬರ್ತಿದ್ವಿ. ಕಾಣದೆ ವಾಪಸ್ ಬಂದವರೂ ಎಷ್ಟೋ ಜನ. 2023 ನವೆಂಬರಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮರಿ ಮೊಸಳೆ ಕಂಡಿತಲ್ಲ, ಅದನ್ನೂ ಯಾರೂ ಹಿಡಿದು ಎತ್ತಿ ತೋರಿಸ್ಲಿಲ್ಲ.

ಮಂಜೇಶ್ವರದ ಮೊಸಳೆಪ್ರೇಮಿ:
ಬಬಿಯಾದ್ದು ದೇವಸ್ಥಾನದ ಭಕ್ತಿ, ಅದು ಬೇರೆ ಲೆಕ್ಕ. ದೇವಸ್ಥಾನದ ಕೆರೆಯಲ್ಲಿ ಇಲ್ಲದ ಮೊಸಳೆಗೆ ನಾವು ಅಷ್ಟು ಪ್ರೀತಿ ಕೊಡ್ತೇವಾ? ಕಪಿಲೆಯಲ್ಲೋ ಕಾವೇರಿಯಲ್ಲೋ ಒಂದು ಮೊಸಳೆ ದಡಕ್ಕೆ ಬಂದ್ರೆ ಕಲ್ಲು ಹೊಡೆಯುವವರೂ ನಮ್ಮವರೇ.

ಕುಂಬಳೆ ಸೀಮೆ:
ಆ ಮಾತು ಒಪ್ಪಿದೆ. ಬಬಿಯಾ ಅನ್ನ ಮಾತ್ರ ತಿಂತಿತ್ತು, ಮೀನು ಮುಟ್ಟುವುದಿಲ್ಲ ಅಂತ ಹೇಳ್ತಿದ್ರಲ್ಲ, ಮೊಸಳೆ ಮಾಂಸಾಹಾರಿ, ಕೆರೆಯಲ್ಲಿ ಮೀನೂ ಇತ್ತು. ಅದು ಸಾಧು, ಏನೂ ಮಾಡುವುದಿಲ್ಲ ಅಂತ ನಂಬಿ ಯಾರಾದ್ರೂ ಮಕ್ಕಳನ್ನು ನೀರಿಗೆ ಇಳಿಸಿದ್ರೆ ಅಪಾಯವೇ. ಪ್ರೀತಿ ಇರ್ಲಿ, ಅದು ಮೊಸಳೆ ಅಂತ ನೆನಪೂ ಇರ್ಲಿ.

ಸರ್ಪ ವಾಲಂಟಿಯರ್, ಕಾರಡ್ಕ:
ನಾನು ಅರಣ್ಯ ಇಲಾಖೆಯ ಟ್ರೈನಿಂಗ್ ತೆಗೆದು ಸರ್ಟಿಫಿಕೇಟಿನಲ್ಲಿ ಹಾವು ರೆಸ್ಕ್ಯೂ ಮಾಡುವವನು, ಅದಕ್ಕೆ ಸ್ವಲ್ಪ ಉದ್ದ ಬರೀತೇನೆ, ಬೇಜಾರು ಮಾಡ್ಬೇಡಿ.

ಕೇರಳದಲ್ಲಿ 2020ರ ಮೊದಲು ಯಾರು ಬೇಕಾದ್ರೂ ಹಾವು ಹಿಡೀತಿದ್ರು, ಹಿಡಿದ ಮೇಲೆ ಅಂಗಳದಲ್ಲಿ ಒಂದು ಪ್ರದರ್ಶನ ಆಗ್ಲೇಬೇಕು, ಜನ ಸುತ್ತ ನಿಲ್ತಾರೆ, ಹಾವನ್ನು ಹೆಡೆ ಎತ್ತಿಸ್ಬೇಕು, ಒಂದೆರಡು ಮಾತು ಹೇಳ್ಬೇಕು, ಅದನ್ನು ವಿಡಿಯೋ ಮಾಡ್ಬೇಕು. ಅದೇ ವರ್ಷ ಕೊಲ್ಲಂನಲ್ಲಿ ಗಂಡ ಹೆಂಡತಿಯನ್ನು ನಾಗರಹಾವಿನಿಂದ ಕಚ್ಚಿಸಿ ಕೊಂದ ಕೇಸು ಆಯ್ತು, ಆ ಹಾವು ಸಿಕ್ಕಿದ್ದು ಒಬ್ಬ ಹಾವು ಹಿಡಿಯುವವನ ಕೈಯಿಂದ. ಅದಾದ ಮೇಲೆ ಇಲಾಖೆ ನಿಯಮ ತಂದಿತು: ಟ್ರೈನಿಂಗ್ ಆದವರು ಮಾತ್ರ ಹಿಡೀಬೇಕು, ಹುಕ್ಕು ಪೈಪು ಬ್ಯಾಗು ಇರ್ಲೇಬೇಕು, ಪ್ರದರ್ಶನ ಮಾಡ್ಬಾರದು. ಸರ್ಪ ಅಂತ ಆ್ಯಪ್ ಬಂತು, ನಿಮ್ಮ ಹತ್ತಿರದ ವಾಲಂಟಿಯರ್ ಯಾರು ಅಂತ ಅದರಲ್ಲೇ ಸಿಕ್ತದೆ.

ಹೇಗೆ ಹಿಡೀತೇವೆ ಅಂತ ನೋಡಿದ್ರೆ ನಿಮಗೆ ಬೋರ್ ಆದೀತು. ಬ್ಯಾಗಿನ ಬಾಯಿಗೆ ಪೈಪು ಸಿಕ್ಕಿಸಿ ನೆಲದಲ್ಲಿ ಇಡ್ತೇವೆ, ಹಾವಿಗೆ ಕತ್ತಲೆ ಬಿಲ ಕಂಡ ಹಾಗೆ ಆಗ್ತದೆ, ಹುಕ್ಕಿನಲ್ಲಿ ಮೆಲ್ಲ ದಾರಿ ತೋರಿಸಿದ್ರೆ ಅದಾಗಿಯೇ ಒಳಗೆ ಹೋಗ್ತದೆ. ಗಲಾಟೆ ಇಲ್ಲದಿದ್ರೆ ಕೆಲವು ನಿಮಿಷದ ಕೆಲಸ. ಯಾರೂ ಕುತ್ತಿಗೆ ಒತ್ತುವುದಿಲ್ಲ, ಯಾರೂ ಬಾಲದಲ್ಲಿ ಎತ್ತುವುದಿಲ್ಲ.

ಯಾಕೆ ಅಂದ್ರೆ ಹಾವಿಗೆ ತಲೆಯಿಂದ ಬಾಲದವರೆಗೆ ಬೆನ್ನುಮೂಳೆಯೇ, ಬಾಲ ಹಿಡಿದು ತೂಗಿದ್ರೆ ಇಡೀ ಮೈಯ ಭಾರ ಆ ಮಣಿಗಳ ಮೇಲೆ, ಏಟಾಗ್ತದೆ. ಕುತ್ತಿಗೆ ಒತ್ತಿದ್ರೂ ಹಾಗೇ. ಊಟ ಮಾಡಿದ ಹಾವನ್ನು ಹಿಡಿದು ಆಡಿಸಿದ್ರೆ ತಿಂದದ್ದನ್ನು ವಾಂತಿ ಮಾಡಿ ಬಿಡ್ತದೆ, ಎಷ್ಟೋ ದಿವಸಕ್ಕೊಮ್ಮೆ ಸಿಕ್ಕುವ ಊಟ ಅದು. ಜಿಂಕೆಯಂಥ ಪ್ರಾಣಿಗಳಿಗೆ ಇನ್ನೂ ಕಷ್ಟ, ಹಿಡಿದಾಗ ಹೆದರಿ ಒದ್ದಾಡಿ ಮಾಂಸಖಂಡವೇ ಹಾಳಾಗಿ, ಬಿಟ್ಟ ಮೇಲೆ ಕೆಲವು ದಿವಸ ಬಿಟ್ಟು ಸಾಯ್ತವೆ. ಟಿವಿಯಲ್ಲಿ ನೀವು ನೋಡುವುದು ಅದನ್ನು ಬಿಟ್ಟು ಕೈ ಬೀಸುವ ತನಕ ಮಾತ್ರ.

ಆಗುಂಬೆಯಲ್ಲಿ ಕಾಳಿಂಗ ಸರ್ಪಕ್ಕೆ ರೇಡಿಯೋ ಟ್ರಾನ್ಸ್‌ಮಿಟರ್ ಹಾಕಿ ನೋಡಿದವರು ಹೇಳಿದ್ದು, ದೂರಕ್ಕೆ ಒಯ್ದು ಬಿಟ್ಟ ಹಾವು ತನ್ನ ಜಾಗ ಸಿಕ್ಕದೆ ಎಲ್ಲೆಲ್ಲೋ ಅಲೀತದೆ ಅಂತ. ಹಾಗಾಗಿ ಹಿಡಿಯುವುದೇ ಕೊನೆಯ ದಾರಿ. ಹಾವು ತೋಟದಲ್ಲಿ ಇದ್ರೆ ಎಷ್ಟೋ ಸಲ ನಾನು ಮನೆಯವರಿಗೆ ಹೇಳುವುದು "ಒಂದು ಗಳಿಗೆ ಬಿಡಿ, ಹೋಗ್ತದೆ" ಅಂತ. ಅದಕ್ಕೆ ಯಾರೂ ವಿಡಿಯೋ ಮಾಡುವುದಿಲ್ಲ.

ಅಡೂರು ಕಾಡಂಚು:
ಕಾನೂನು ಎಂತ ಹೇಳ್ತದೆ ಅಂತ ಸಹ ಬರೀರಿ. ನಮ್ಮಲ್ಲಿ ವಿಷ ಇಲ್ಲದ ಹಾವು ಆದ್ರೆ ಹಿಡಿಬಹುದು ಅಂತ ಜನರ ಲೆಕ್ಕ.

ಸರ್ಪ ವಾಲಂಟಿಯರ್, ಕಾರಡ್ಕ:
ಆ ಲೆಕ್ಕ ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದ್ರೆ ಕೊಲ್ಲುವುದು ಮಾತ್ರ ಅಲ್ಲ, ಹಿಡಿಯುವುದು, ಬಲೆ ಹಾಕುವುದು, ಓಡಿಸುವುದು, ಹಾಗೆ ಮಾಡ್ಲಿಕ್ಕೆ ಪ್ರಯತ್ನಿಸುವುದು, ಎಲ್ಲ ಸೇರ್ತದೆ. 2022ರ ತಿದ್ದುಪಡಿ 2023 ಏಪ್ರಿಲ್ 1ರಿಂದ ಜಾರಿ ಆದ ಮೇಲೆ ಕೇರೆ, ನಾಗರ, ಕೊಳಕುಮಂಡಲ ಸಹ ಹುಲಿ ಆನೆ ಇರುವ ಮೊದಲ ಶೆಡ್ಯೂಲಿನಲ್ಲಿ, ಅಂದ್ರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ ಉಂಟು. ಶಿಕ್ಷೆ ಕನಿಷ್ಠ 3 ವರ್ಷ, 7 ವರ್ಷದವರೆಗೆ ಹೋಗ್ತದೆ. ಕೇರೆ ಹಿಡಿದು ರೀಲ್ಸ್ ಹಾಕಿದವ ತಾನೇ ಸಾಕ್ಷಿ ಕೊಟ್ಟ ಹಾಗೆ.

ಮಂಜೇಶ್ವರದ ಮೊಸಳೆಪ್ರೇಮಿ:
ಹಾಗಾದ್ರೆ ಕೇರಳದ ಹಾವು ಹಿಡಿಯುವ ವಾವ ಸುರೇಶ್ ಬಗ್ಗೆ ಎಂತ ಹೇಳ್ತೀರಿ? ರಾತ್ರಿ ಎಷ್ಟು ಗಂಟೆಗೆ ಫೋನ್ ಮಾಡಿದ್ರೂ ಬರುವ ಜನ, ಟಿವಿಯಲ್ಲಿ ಅವರ ಸ್ನೇಕ್ ಮಾಸ್ಟರ್ ಕಾರ್ಯಕ್ರಮ ನೋಡಿ ಕೇರಳದಲ್ಲಿ ಎಷ್ಟು ಮನೆಯವರು ಹಾವನ್ನು ಹೊಡೆಯುವುದು ಬಿಟ್ಟಿದ್ದಾರೆ. ಸರ್ಪ ಆ್ಯಪ್ ಬರುವ ಮೊದಲು ಹಾವುಗಳಿಗೆ ಇದ್ದ ಆ್ಯಪ್ ಅವರೇ. ಅವರಿಗೆ ಕಚ್ಚಿದಾಗ ಮಂತ್ರಿಗಳಿಂದ ಹಿಡಿದು ರಿಕ್ಷಾದವರವರೆಗೆ ಎಲ್ಲರೂ ಪ್ರಾರ್ಥನೆ ಮಾಡಿದ್ದಾರೆ.

ಸರ್ಪ ವಾಲಂಟಿಯರ್, ಕಾರಡ್ಕ:
ಅವರ ಸೇವೆಯ ಬಗ್ಗೆ ನನಗೂ ಗೌರವ ಉಂಟು, ನಾನೂ ಪ್ರಾರ್ಥನೆ ಮಾಡಿದವನೇ. ಆದ್ರೆ ನಡೆದದ್ದು ನೋಡಿ. 2022 ಜನವರಿ 31, ಕೋಟ್ಟಯಂ ಹತ್ತಿರ ಕುರಿಚ್ಚಿ, ನಾಗರಹಾವನ್ನು ಕೈಯಲ್ಲಿ ಹಿಡಿದು ಗೋಣಿಗೆ ಹಾಕುವಾಗ ತೊಡೆಗೆ ಕಚ್ಚಿತು, ಸುತ್ತ ಜನ, ಎದುರು ಮೊಬೈಲ್ ಕ್ಯಾಮರಾ. ಮೆಡಿಕಲ್ ಕಾಲೇಜಿನಲ್ಲಿ ವೆಂಟಿಲೇಟರಿನವರೆಗೆ ಹೋಗಿ ಉಳಿದ್ರು, ದೇವರ ದಯೆ. ಪೈಪು ಬ್ಯಾಗು ಇದ್ದಿದ್ರೆ ತೊಡೆ ಮತ್ತೆ ಹಾವಿನ ಬಾಯಿ ಹತ್ತಿರ ಬರುವ ಸಂದರ್ಭವೇ ಇರ್ಲಿಲ್ಲ. ಅಷ್ಟು ಅನುಭವ ಇದ್ದವರಿಗೇ ಹೀಗೆ ಆದ್ರೆ ಅವರನ್ನು ನೋಡಿ ಕಲಿತ ಹುಡುಗರ ಗತಿ ಎಂತ? ನಮ್ಮ ಟ್ರೈನಿಂಗಿನಲ್ಲಿ ಬಂದ ಹೆಚ್ಚಿನ ಹುಡುಗರಿಗೆ ಮೊದಲು ಬಿಡಿಸ್ಬೇಕಾದ್ದು ಅದನ್ನೇ, ಕೈ ಹಿಂದೆ ಇಟ್ಟುಕೊಳ್ಳಿ ಅಂತ ಮತ್ತೆ ಮತ್ತೆ ಹೇಳ್ಬೇಕು.

ಉಪ್ಪಳದ ನರ್ಸ್ ಅಕ್ಕ:
ನಾನು ಹೇಳುವುದು ಆಸ್ಪತ್ರೆಯ ಕಡೆಯಿಂದ. ಟಿವಿ ನೋಡಿ ಜನರ ತಲೆಯಲ್ಲಿ ಕೂತ ಇನ್ನೊಂದು ವಿಷಯ ಉಂಟು, ಹಾವು ಕಚ್ಚಿದ್ರೆ ಆ ಹಾವನ್ನು ಹಿಡಿದು ತರ್ಬೇಕು, ಡಾಕ್ಟರಿಗೆ ತೋರಿಸ್ಬೇಕು ಅಂತ. ದಯವಿಟ್ಟು ಬೇಡ. ಹಾವು ಹುಡುಕುವುದರಲ್ಲಿ ಸಮಯ ಹೋಗ್ತದೆ, ಹುಡುಕಿದವರಿಗೆ ಸಹ ಕಚ್ತದೆ, ಒಂದೇ ಮನೆಯಿಂದ ಇಬ್ಬರು ಬರ್ತಾರೆ. ನಮ್ಮ ದೇಶದಲ್ಲಿ ಸಿಕ್ಕುವ ಆಂಟಿವೆನಮ್, ಅಂದ್ರೆ ಹಾವಿನ ವಿಷಕ್ಕೆ ಕೊಡುವ ಮದ್ದು, ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಸೇರಿ ಒಂದೇ. ಡಾಕ್ಟರು ಲಕ್ಷಣ ನೋಡ್ತಾರೆ, ರಕ್ತವನ್ನು ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಅಲ್ಲಾಡಿಸದೆ ಇಟ್ಟು ಹೆಪ್ಪುಗಟ್ತದಾ ನೋಡ್ತಾರೆ. ದೂರದಿಂದ ಒಂದು ಫೋಟೋ ಸಿಕ್ಕಿದ್ರೆ ಸಾಕು, ಸಿಕ್ಕದಿದ್ರೂ ಚಿಕಿತ್ಸೆ ನಿಲ್ಲುವುದಿಲ್ಲ.

ಮತ್ತೆ ಈ ನಾಲ್ಕರಲ್ಲಿ ಸೇರದ ಹಾವುಗಳು ನಮ್ಮ ಘಟ್ಟದ ಬದಿಯಲ್ಲೇ ಉಂಟು. ರಬ್ಬರು, ಅಡಿಕೆ ತೋಟದ ದರಗಿನಲ್ಲಿ ಇರುವ ಉಬ್ಬು ಮೂಗಿನ ಗುಳಿಮಂಡಲಕ್ಕೆ ಇಲ್ಲಿ ಆಂಟಿವೆನಮ್ ಇಲ್ಲ, ಅದು ಕಚ್ಚಿ ಕಿಡ್ನಿಗೆ ತೊಂದರೆ ಆದವರು ಇದ್ದಾರೆ. ಅದು ಅಂಗೈಯಷ್ಟು ಜಾಗದಲ್ಲಿ ಸುತ್ತಿಕೊಂಡು ಕೂತಿರ್ತದೆ, ಸಣ್ಣ ಹಾವು, ಸಾಧು ಕಾಣ್ತದೆ, ಹುಡುಗರು ಎತ್ತಲಿಕ್ಕೆ ನೋಡುವುದು ಇಂಥದ್ದನ್ನೇ. ಕಾಳಿಂಗಕ್ಕೂ ನಮ್ಮ ಆಂಟಿವೆನಮ್ ಆಗುವುದಿಲ್ಲ.

2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ ಒಂದು ಅಧ್ಯಯನ ಅಂದಾಜು ಮಾಡಿದೆ, ವರ್ಷಕ್ಕೆ 58 ಸಾವಿರ. ಹೆಚ್ಚಿನವರು ಹಳ್ಳಿಯವರು, ಗದ್ದೆ ತೋಟದಲ್ಲಿ ಕೆಲಸ ಮಾಡುವವರು. ಇವರಿಗೆ ಟಿವಿ ಹೇಳ್ಬೇಕಾದ್ದು ಎಷ್ಟು ಉಂಟು: ರಾತ್ರಿ ಟಾರ್ಚ್ ಹಿಡೀರಿ, ನೆಲದಲ್ಲಿ ಮಲಗುವವರು ಸೊಳ್ಳೆಪರದೆ ಹಾಸಿಗೆಯ ಅಡಿಗೆ ಸಿಕ್ಕಿಸಿ, ಕಟ್ಟುಹಾವು ನಿದ್ದೆಯಲ್ಲಿ ಕಚ್ಚಿದ್ರೆ ನೋವೇ ಗೊತ್ತಾಗುವುದಿಲ್ಲ, ಬಿಗಿಯಾಗಿ ಹಗ್ಗ ಕಟ್ಬೇಡಿ, ಬ್ಲೇಡಿನಲ್ಲಿ ಕೊಯ್ಬೇಡಿ, ಕೈಕಾಲು ಅಲ್ಲಾಡಿಸದೆ ಬೇಗ ಬನ್ನಿ. ಅರ್ಧ ಗಂಟೆಯ ಹಾವಿನ ಶೋದಲ್ಲಿ ಇದಕ್ಕೆ ಒಂದು ನಿಮಿಷ ಸಹ ಸಿಕ್ಕುವುದಿಲ್ಲ ಅಂದ್ರೆ ನನಗೆ ನಿಜವಾಗಿ ಸಿಟ್ಟು ಬರ್ತದೆ.

ಮಂಜೇಶ್ವರದ ಮೊಸಳೆಪ್ರೇಮಿ:
ಅಕ್ಕ ಹೇಳಿದ್ದು ಸರಿ. ಆದ್ರೆ ಆ ಆಂಟಿವೆನಮ್ ಬರುವುದೇ ಹಾವು ಹಿಡಿದ ಕೈಗಳಿಂದ ಅಲ್ವಾ? ಚೆನ್ನೈ ಹತ್ತಿರದ ಇರುಳ ಬುಡಕಟ್ಟಿನವರ ಸೊಸೈಟಿ 1978ರಲ್ಲಿ ಶುರು ಆದದ್ದು, ಅವರು ಹಿಡಿದು ವಿಷ ತೆಗೆದು ಕೊಟ್ರೆ ಇಲ್ಲಿ ನಾವು ಉಳೀತೇವೆ. 2023ರಲ್ಲಿ ಅವರಲ್ಲಿ ಇಬ್ಬರಿಗೆ ಪದ್ಮಶ್ರೀ ಕೊಟ್ಟಿದ್ದಾರೆ. ಮುಟ್ಟುವುದೇ ಪಾಪ ಅಂತ ಮಾಡ್ಬೇಡಿ.

ಸರ್ಪ ವಾಲಂಟಿಯರ್, ಕಾರಡ್ಕ:
ಮುಟ್ಟುವುದು ಪಾಪ ಅಂತ ಯಾರೂ ಹೇಳ್ಲಿಲ್ಲ. ಇರುಳರು ಹಿಡಿಯುವುದು ಲೈಸೆನ್ಸಿನಲ್ಲಿ, ಇಷ್ಟೇ ಹಾವು ಅಂತ ಲೆಕ್ಕದಲ್ಲಿ, ಕೆಲವು ವಾರ ಇಟ್ಟು ವಿಷ ತೆಗೆದು ವಾಪಸ್ ಬಿಡ್ತಾರೆ. ತಲೆತಲಾಂತರದ ವಿದ್ಯೆ ಅದು. ಆ ಹಿಡಿತದ ಕೊನೆಯಲ್ಲಿ ಒಂದು ಔಷಧಿ ಉಂಟು. ಟಿವಿಯವರ ಹಿಡಿತದ ಕೊನೆಯಲ್ಲಿ ಎಂತ ಉಂಟು, ಒಂದು ಬ್ರೇಕ್, ಆಮೇಲೆ ಇನ್ನೊಂದು ಹಾವು.

ತಾಳವಾಡಿ ಹುಡುಗ:
ನಾವು ತಾಳವಾಡಿ ಕಡೆಯವ್ರು, ತಮಿಳುನಾಡು ಆದ್ರೂ ಮನೇಲಿ ಕನ್ನಡನೇ. ನಮ್ಕಡೆ ಹಾವಿಗಿಂತ ಆನೆದೇ ಮಾತು. ಆಸನೂರು ಹತ್ರ ಕಾರಪಳ್ಳಂ ಚೆಕ್‌ಪೋಸ್ಟ್ ಇದೆಯಲ್ಲ, ಕಬ್ಬಿನ ಲಾರಿಗಳು ಅಲ್ಲೇ ಬರ್ತವೆ, ಆನೆ ರೋಡಿಗೆ ಬಂದು ಲಾರಿ ನಿಲ್ಲಿಸಿ ಕಬ್ಬು ಎಳ್ಕೊಂಡು ತಿಂತವೆ, ಮೊದಮೊದ್ಲು ಲಾರಿಯವ್ರೇ ಪಾಪ ಅಂತ ಎಸೆದು ಎಸೆದು ಅಭ್ಯಾಸ ಆಗೋಯ್ತು. ಈಗ ಕಾರಿನವ್ರು ಇಳಿದು ಹತ್ರ ಹೋಗಿ ಸೆಲ್ಫಿ ತಗೋತಾರೆ, ಆನೆ ಸುಮ್ನೆ ಕಬ್ಬು ತಿಂತಾ ನಿಂತದೆ ಅಂದ್ರೆ ಸಾಕಿದ ಆನೆ ಅಂದ್ಕೋತಾರೆ. ಟಿವಿಲಿ ಆನೆ ಸೊಂಡ್ಲು ಹಿಡ್ಕೊಂಡು ಮಾತಾಡೋರ್ನ ನೋಡಿರ್ತಾರೆ, ಅದು ಕ್ಯಾಂಪಿನ ಆನೆ ಅಂತ ಯಾರು ಹೇಳ್ತಾರೆ ಅವ್ರಿಗೆ.

ಕರುಪ್ಪನ್ ಅಂತ ಒಂದು ಆನೆನ ಇಲ್ಲಿ ಹಿಡಿದ್ರು, ಹಲವು ಸಲ ಆಗ್ದೆ ಕೊನೆಗೆ 2023 ಏಪ್ರಿಲ್‌ಲ್ಲಿ ಆಯ್ತು. ಪಳಗಿಸಿದ ಕುಮ್ಕಿ ಆನೆ, ಡಾಕ್ಟ್ರು, ಅರಿವಳಿಕೆ, ಎಷ್ಟೊಂದು ಜನದ ಕೆಲ್ಸ ಅದು. ಒಂದು ಕಾಡಾನೆ ಮುಟ್ಬೇಕು ಅಂದ್ರೆ ಇಷ್ಟೆಲ್ಲ ಬೇಕು ಅಂತ ಜನಕ್ಕೆ ಗೊತ್ತಾಗ್ಬೇಕು. ಅದೇ ವರ್ಷ ಅರಿಕೊಂಬನ್ ಅನ್ನೋ ಕಾಡಾನೆ ಕಂಬಂ ಪೇಟೆಗೆ ಬಂದಾಗ ಡ್ರೋನ್ ಬುಟ್ಟ ಅಂತ ಒಬ್ಬ ಯೂಟ್ಯೂಬರ್ ಮೇಲೆ ಕೇಸಾಯ್ತಲ್ಲ, ಮುಟ್ಟೋದು ಅಂದ್ರೆ ಕೈಯಲ್ಲೇ ಆಗ್ಬೇಕು ಅಂತೇನಿಲ್ಲ.

ಮುಳ್ಳೇರಿಯ ಮಾಷ್ಟ್ರು:
ಚರ್ಚೆ ಚೆನ್ನಾಗಿ ಹೋಗ್ತಾ ಉಂಟು. ಇರ್ವಿನ್ ಬಗ್ಗೆ ಎರಡು ಮಾತು ಸೇರಿಸ್ತೇನೆ. ಅವರ ಪ್ರೀತಿ ಸತ್ಯವಾದ್ದು, ಅದರಲ್ಲಿ ಸಂಶಯ ಇಲ್ಲ. ಆದ್ರೆ 2004 ಜನವರಿಯಲ್ಲಿ ಒಂದು ತಿಂಗಳ ಮಗನನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಮೊಸಳೆಗೆ ತಿನ್ನಿಸಿದ್ದು ಸಹ ಅವರೇ. ಅವರು ತೀರಿಹೋದ ಮೇಲೆ ಕ್ವೀನ್ಸ್‌ಲ್ಯಾಂಡಿನ ಕಡಲತೀರದಲ್ಲಿ ಬಾಲ ಕತ್ತರಿಸಿದ ತೊರಕೆ ಮೀನುಗಳು ಸತ್ತು ಬಿದ್ದದ್ದು ಸಿಕ್ಕಿದವು, ಸೇಡು ತೀರಿಸಿದ್ದು ಅಂತ ಜನ ಅಂದುಕೊಂಡ್ರು. ಅವರ ಸಂಸ್ಥೆಯವರೇ ಹಾಗೆ ಮಾಡ್ಬೇಡಿ ಅಂತ ಕೇಳ್ಬೇಕಾಯ್ತು. ಜೀವ ಇಡೀ ಪ್ರಾಣಿಯನ್ನು ಪ್ರೀತಿಸಿ ಅಂತ ಹೇಳಿದವರ ಅಭಿಮಾನಿಗಳಲ್ಲಿ ಕೆಲವರಾದ್ರೂ ಕಲಿತದ್ದು ಪ್ರೀತಿಸಲಿಕ್ಕೆ ಆ ಮನುಷ್ಯನನ್ನು ಮಾತ್ರ. ನನಗೆ ಇದು ತುಂಬ ನೋವಿನ ವಿಷಯ.

ಬಿಬಿಸಿಯ ವನ್ಯಜೀವಿ ಕಾರ್ಯಕ್ರಮದ ನಿರೂಪಕ ಅಟೆನ್‌ಬರೋ ಅವರ ಗೊರಿಲ್ಲಾ ದೃಶ್ಯ ನೆನಪುಂಟಾ, 1978ರಲ್ಲಿ ರುವಾಂಡಾದಲ್ಲಿ ತೆಗೆದದ್ದು. ಅವರು ಹೋಗಿ ಹಿಡಿದದ್ದಲ್ಲ, ಮರಿಗಳೇ ಬಂದು ಮೈಮೇಲೆ ಹತ್ತಿದವು, ಅವರು ಸುಮ್ಮನೆ ಕೂತ್ರು, ಮಾತು ಸಹ ಪಿಸುಮಾತು. ಅಷ್ಟು ಒಳ್ಳೆಯ ದೃಶ್ಯವನ್ನು ಕೂಡ ಇವತ್ತು ತೆಗೀಲಿಕ್ಕೆ ಬಿಡುವುದಿಲ್ಲ, ನಮ್ಮ ನೆಗಡಿ ಜ್ವರ ಗೊರಿಲ್ಲಾಗಳಿಗೆ ತಾಗಿ ಸಾಯ್ತವೆ ಅಂತ ಗೊತ್ತಾದ ಮೇಲೆ 7 ಮೀಟರ್ ದೂರದ ನಿಯಮ ಬಂತು, ಕೊರೊನಾ ನಂತರ 10 ಮೀಟರ್. ಗೊತ್ತಾದ ಹಾಗೆ ಹಿಂದೆ ಸರಿಯುವುದರಲ್ಲಿ ನಾಚಿಕೆ ಎಂತ ಇಲ್ಲ.

ಇನ್ನೊಂದು, 2009ರಲ್ಲಿ ಒಂದು ವಿಡಿಯೋ ಓಡಿತ್ತು, ಸ್ಲೋ ಲೋರಿಸ್ ಅಂತ ನಮ್ಮ ಕಾಡುಪಾಪದ ಜಾತಿಯದ್ದೇ ಪ್ರಾಣಿ, ಅದಕ್ಕೆ ಕಚಗುಳಿ ಇಟ್ರೆ ಎರಡು ಕೈ ಮೇಲೆ ಎತ್ತುತ್ತದೆ, ನೋಡಿದವರೆಲ್ಲ ಮುದ್ದು ಮುದ್ದು ಅಂದ್ರು. ಅದು ಕೈ ಎತ್ತುವುದು ಹೆದರಿದಾಗ. ಅದರ ತೋಳಿನಲ್ಲಿ ಒಂದು ಗ್ರಂಥಿ ಉಂಟು, ಅದರ ರಸವನ್ನು ಎಂಜಲಿಗೆ ಸೇರಿಸಿ ವಿಷ ಮಾಡಿ ಕಚ್ಚಲಿಕ್ಕೆ ರೆಡಿ ಆಗುವುದು. ಆ ವಿಡಿಯೋ ನೋಡಿ ತಮಗೂ ಒಂದು ಬೇಕು ಅಂತ ಕಮೆಂಟ್ ಹಾಕಿದವರು ಎಷ್ಟೋ ಜನ, ಮಾರುವವರು ಅವುಗಳ ಹಲ್ಲು ಕಿತ್ತು ಮಾರ್ತಾರೆ. 2021ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ತಜ್ಞರು ಮಂಗ, ವಾನರ ಜಾತಿಯ ಪ್ರಾಣಿಗಳನ್ನು ಎತ್ತಿಕೊಂಡ ಫೋಟೋ ಹಾಕ್ಬೇಡಿ ಅಂತ ಮಾರ್ಗಸೂಚಿಯನ್ನೇ ತಂದ್ರು, ವಿಜ್ಞಾನಿಗಳಿಗೂ ಸೇರಿ.

ಮಂಜೇಶ್ವರದ ಮೊಸಳೆಪ್ರೇಮಿ:
ಮಾಷ್ಟ್ರೆ, ತೊರಕೆ ಮೀನಿನ ವಿಷಯ ನನಗೂ ಬೇಜಾರಿನದ್ದೇ. ಆದ್ರೆ ದೂರದಿಂದ ತೆಗೆದದ್ದೆಲ್ಲ ಶುದ್ಧ ಅಂತ ಮಾತ್ರ ಹೇಳ್ಬೇಡಿ. 1958ರ ಡಿಸ್ನಿ ಚಿತ್ರದಲ್ಲಿ ಲೆಮ್ಮಿಂಗ್ ಅಂತ ಸಣ್ಣ ಇಲಿಗಳು ತಾವಾಗಿ ಬೆಟ್ಟದಿಂದ ಹಾರಿ ಸಾಯ್ತವೆ ಅಂತ ತೋರಿಸಿದ್ರು, ನಿಜ ನೋಡಿದ್ರೆ ಬೇರೆ ಕಡೆಯಿಂದ ತಂದು ಶೂಟಿಂಗಿನವರೇ ದೂಡಿದ್ದು. ನಿರೂಪಕನ ಕೈ ಸ್ಕ್ರೀನಲ್ಲಿ ಇಲ್ಲ, ಹಿಂದಿನಿಂದ ಕೈ ಉಂಟು. ಇರ್ವಿನ್ ಮಾಡಿದ್ದು ಎದುರಿಗೇ ಮಾಡಿದ.

ಬದಿಯಡ್ಕ ತೋಟದವ:
ಇದು ಒಳ್ಳೆಯ ಮಾತು, ಹಿಂದಿನ ಕೈ ಸಹ ಕೈಯೇ. ಹಾಗಾದ್ರೆ ಕೇಳ್ಬೇಕಾದ್ದು ಆ ಕೈ ಯಾರಿಗೆ ಬೇಕಾಗಿ ಅಂತ. ಪ್ರಾಣಿಗೆ ಪೆಟ್ಟಾಗಿದೆ, ಬಾವಿಗೆ ಬಿದ್ದಿದೆ, ಟ್ರ್ಯಾಕರ್ ಹಾಕ್ಬೇಕು, ವಿಷ ತೆಗೀಬೇಕು, ಅಲ್ಲೆಲ್ಲ ಕ್ಯಾಮರಾ ಇಲ್ಲದಿದ್ರೂ ಯಾರೋ ಮುಟ್ಟಲೇಬೇಕಿತ್ತು. ಅದನ್ನು ಒಂದು ಬದಿಯಿಂದ ಶೂಟ್ ಮಾಡಿ, ನನ್ನ ತಕರಾರು ಇಲ್ಲ. ಕ್ಯಾಮರಾ ಇಲ್ಲದಿದ್ರೆ ಆ ಹಾವು ಅದರಷ್ಟಕ್ಕೆ ಹೋಗ್ತಿತ್ತು ಅಂತಾದ್ರೆ ಅದನ್ನು ಹಿಡೀಬಾರದು. 2014ರಲ್ಲಿ ಡಿಸ್ಕವರಿಯವರು ಒಬ್ಬ ಅನಕೊಂಡದ ಹೊಟ್ಟೆಯೊಳಗೆ ಹೋಗ್ತಾನೆ ಅಂತ ಪ್ರಚಾರ ಮಾಡಿದ್ರಲ್ಲ, ಮೈಗೆ ಕವಚ ಹಾಕಿ ಹಾವಿನ ಎದುರು ಮಲಗಿದ, ಅದು ಸುತ್ತಿ ಬಿಗಿದಾಗ ನಿಲ್ಲಿಸಿದ್ರು, ಒಳಗೆ ಹೋಗ್ಲೂ ಇಲ್ಲ. ಮಳೆಕಾಡು ಉಳಿಸ್ಲಿಕ್ಕೆ ಅಂತ ಹೇಳಿದ್ರು. ಆ ದೊಡ್ಡ ಹಾವಿಗೆ ಅವತ್ತು ಅದು ಬೇಕಿತ್ತಾ?

ಮಂಜೇಶ್ವರದ ಮೊಸಳೆಪ್ರೇಮಿ:
ಅನಕೊಂಡದ್ದನ್ನು ನಾನೂ ಸಮರ್ಥಿಸುವುದಿಲ್ಲ, ಅದು ನಾಚಿಕೆಗೇಡು. ಆದ್ರೆ ನೀವು ಹೇಳಿದ ಗೆರೆ ಹಾಕಿದ್ರೆ ಇರ್ವಿನ್‌ನ ಅರ್ಧ ಕಾರ್ಯಕ್ರಮ ಹೋಗ್ತದೆ, ಆ ಅರ್ಧದಿಂದಲೇ ನನ್ನಂಥವರು ಹುಟ್ಟಿದ್ದು. ಬೋರ್ ಹೊಡೆಸುವ ಕಾರ್ಯಕ್ರಮ ಮಾಡಿದ್ರೆ ಮಕ್ಕಳು ಚಾನೆಲ್ ತಿರುಗಿಸ್ತಾರೆ. ನೋಡದ ಪ್ರಾಣಿಯನ್ನು ಯಾರು ಉಳಿಸ್ತಾರೆ?

ಮುಳ್ಳೇರಿಯ ಮಾಷ್ಟ್ರು:
ನೋಡದ ಪ್ರಾಣಿಯನ್ನು ಉಳಿಸಿದ ಉದಾಹರಣೆ ನಮ್ಮ ಮನೆ ಬಾಗಿಲಲ್ಲೇ ಉಂಟು. ಚಂದ್ರಗಿರಿ ಹೊಳೆಯ ದೊಡ್ಡ ಮೆದುಚಿಪ್ಪಿನ ಆಮೆ, ಮಲಯಾಳದಲ್ಲಿ ಪಾಲಪ್ಪೂವನ್. ದಿನದ ಹೆಚ್ಚಿನ ಹೊತ್ತು ಹೊಯಿಗೆಯ ಒಳಗೆ ಹುಗಿದು ಕೂತಿರ್ತದೆ, ಉಸಿರಿಗೆ ಮೂಗು ಮಾತ್ರ ಮೇಲೆ ಬರ್ತದೆ. ಹೊಳೆಬದಿಯಲ್ಲಿ ಹುಟ್ಟಿ ಬೆಳೆದವರಲ್ಲೂ ಕಣ್ಣಾರೆ ಕಂಡವರು ಕಡಿಮೆ. ಸಂಶೋಧಕರು ಬಂದು ಮೊದಲು ಮಾಡಿದ್ದು ಹೊಳೆಬದಿಯ ಜನರ ಹತ್ತಿರ ಮಾತಾಡಿದ್ದು, ಮೀನು ಹಿಡಿಯುವವರು, ಹೊಯಿಗೆ ತೆಗೆಯುವವರು, ಯಾರಿಗೆ ಎಲ್ಲಿ ಯಾವಾಗ ಕಂಡಿತ್ತು ಅಂತ. ಆ ಮಾತಿನಿಂದಲೇ ಗೂಡು ಸಿಕ್ಕಿತು, ನೀರು ತುಂಬಿದ ಗೂಡಿನಿಂದ ಮೊಟ್ಟೆ ತೆಗೆದು ಮರಿ ಮಾಡಿ ಹೊಳೆಗೆ ಬಿಟ್ರು, 2024ರಲ್ಲಿ ಅದರ ಬಗ್ಗೆ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಲೇಖನ ಬಂತು. ಅದಕ್ಕಿಂತ ಮೊದಲೇ, 2023ರಲ್ಲಿ, ನಮ್ಮ ಜಿಲ್ಲೆ ಅದನ್ನು ಜಿಲ್ಲೆಯ ಜೀವಿ ಅಂತ ಘೋಷಣೆ ಮಾಡಿತ್ತು, ಮರ ಕಾಸರ್ಕ, ಹಕ್ಕಿ ಬಿಳಿಹೊಟ್ಟೆಯ ಕಡಲ ಹದ್ದು. ಯಾರೂ ಆ ಆಮೆಯನ್ನು ಎತ್ತಿ ಮುತ್ತು ಕೊಡ್ಲಿಲ್ಲ, ಆದ್ರೂ ನಮ್ಮ ಕ್ಲಾಸಿನ ಮಕ್ಕಳು ಅದರ ಚಿತ್ರ ಬಿಡಿಸ್ತಾರೆ.

ಬೋರ್ ಆಗ್ತದೆ ಅನ್ನುವ ಮಾತು ಮಕ್ಕಳ ಮೇಲೆ ಹಾಕ್ಬೇಡಿ. ಕಣಜದ ಹುಳ ಮಣ್ಣಿನ ಗೂಡು ಕಟ್ಟುವುದನ್ನು ನಮ್ಮ ಜಗಲಿಯಲ್ಲಿ ಒಂದು ಪೀರಿಯಡ್ ಇಡೀ ಉಸಿರು ಹಿಡಿದು ನೋಡಿದ ಮಕ್ಕಳು ಇವರು. ಬೇಕಾದ್ದು ನಿರೂಪಕನಿಗೆ ಸ್ವಲ್ಪ ತಾಳ್ಮೆ, ಒಳ್ಳೆಯ ಲೆನ್ಸ್, ಮತ್ತೆ ಹೇಳ್ಲಿಕ್ಕೆ ಒಂದು ಕತೆ.

ನಾನು ಇಲ್ಲಿ ಬರೆಯಲಿಕ್ಕೆ ಇನ್ನೊಂದು ಕಾರಣ ಉಂಟು. ನಮ್ಮ ಶಾಲೆಯ ಪರಿಸರ ಕ್ಲಬ್ಬಿಗೆ ಹಾವಿನ ಬಗ್ಗೆ ಒಂದು ಕಾರ್ಯಕ್ರಮ ಇಡುವಾ ಅಂತ ಉಂಟು, ಪೋಷಕರಲ್ಲಿ ಕೆಲವರು ಜೀವಂತ ಹಾವು ತಂದು ಮಕ್ಕಳ ಕೈಯಲ್ಲಿ ಮುಟ್ಟಿಸಿ, ಹೆದರಿಕೆ ಹೋಗ್ಲಿ ಅಂತ ಒತ್ತಾಯ ಮಾಡ್ತಾ ಇದ್ದಾರೆ.

ಉಪ್ಪಳದ ನರ್ಸ್ ಅಕ್ಕ:
ಮಾಷ್ಟ್ರೆ ಬೇಡವೇ ಬೇಡ. ಹೆದರಿಕೆ ಪೂರ್ತಿ ಹೋಗ್ಬಾರದು.

ಅಡೂರು ಕಾಡಂಚು:
ನನ್ನದೂ ಅದೇ. ನಮ್ಮಲ್ಲಿ ಆನೆ ಬರ್ತದೆ, ಈಗ ಚಿರತೆಯೂ ಸುದ್ದಿಯಲ್ಲಿ ಉಂಟು, ಹೆದರಿಕೆ ಇದ್ದವನೇ ರಾತ್ರಿ ಮನೆಗೆ ಮುಟ್ಟುವುದು. ದ್ವೇಷ ಹೋದ್ರೆ ಸಾಕು.

ಸರ್ಪ ವಾಲಂಟಿಯರ್, ಕಾರಡ್ಕ:
ಜೀವಂತ ಹಾವು ತಂದ್ರೆ ಮಾಷ್ಟ್ರಿಗೂ ಕೇಸು, ತಂದವನಿಗೂ ಕೇಸು. 2022ರಲ್ಲಿ ಕೋಝಿಕ್ಕೋಡು ಮೆಡಿಕಲ್ ಕಾಲೇಜಿನ ಒಂದು ಸೆಮಿನಾರಿನಲ್ಲಿ ಜೀವಂತ ಹಾವು ತೋರಿಸಿದ್ದಕ್ಕೆ ಅರಣ್ಯ ಇಲಾಖೆ ಕೇಸು ಹಾಕಿತ್ತು, ಅದನ್ನು ಪೋಷಕರಿಗೆ ಹೇಳಿ. ನಾನು ಬರ್ತೇನೆ, ಇಲಾಖೆಯವರಿಗೆ ತಿಳಿಸಿಯೇ ಬರ್ತೇನೆ. ಹುಕ್ಕು, ಪೈಪು, ಖಾಲಿ ಬ್ಯಾಗು ತರ್ತೇನೆ, ಬ್ಯಾಗಿಗೆ ರಬ್ಬರ್ ಹಾವು ಹಾಕಿ ತೋರಿಸ್ತೇನೆ. ನಮ್ಮ ಪಂಚಾಯತಿನಲ್ಲೇ ತೆಗೆದ ಫೋಟೋ ಉಂಟು ನನ್ನ ಹತ್ತಿರ, ಯಾವುದು ಯಾವ ಜಾಗದಲ್ಲಿ ಕಂಡದ್ದು ಅಂತ ಸೇರಿ, ಶೌಚಾಲಯದ ಹಿಂದೆ, ತೆಂಗಿನಕಾಯಿ ರಾಶಿಯಲ್ಲಿ, ಸ್ಕೂಟರಿನ ಒಳಗೆ. ಮಕ್ಕಳು ಅವರವರ ಮನೆಯಲ್ಲಿ ಅಂಥ ಜಾಗ ಎಲ್ಲಿ ಉಂಟು ಅಂತ ಚಿತ್ರ ಬಿಡಿಸಿ ತರ್ಲಿ. ಕನ್ನಡದಲ್ಲೇ ಮಾತಾಡ್ತೇನೆ. ಅಕ್ಕನೂ ಬಂದ್ರೆ ಕಚ್ಚಿದ್ರೆ ಎಂತ ಮಾಡುವುದು ಅಂತ ಅರ್ಧ ಗಂಟೆ ಅವರಿಗೆ ಬಿಡುವಾ.

ಉಪ್ಪಳದ ನರ್ಸ್ ಅಕ್ಕ:
ಡ್ಯೂಟಿ ನೋಡಿ ಹೇಳ್ತೇನೆ, ಶನಿವಾರ ಆದ್ರೆ ಬರ್ತೇನೆ. ತಾಯಂದಿರನ್ನೂ ಕರೀರಿ, ಹೆಚ್ಚಾಗಿ ಸೋಗೆ ಹೊರುವುದು ಅವರೇ.

ಮಂಜೇಶ್ವರದ ಮೊಸಳೆಪ್ರೇಮಿ:
ನನ್ನ ಅಭಿಪ್ರಾಯ ಪೂರ್ತಿ ಬದಲಾಗ್ಲಿಲ್ಲ, ಇರ್ವಿನ್ ಇಲ್ಲದಿದ್ರೆ ನಾನು ಈ ಚರ್ಚೆಯಲ್ಲೇ ಇರ್ತಿರ್ಲಿಲ್ಲ, ಅದು ಸತ್ಯ. ಆದ್ರೆ ಶಾಲೆಗೆ ಹಾವು ತರುವುದು ಬೇಡ ಅನ್ನುವುದಕ್ಕೆ ನಾನೂ ಸೇರ್ತೇನೆ. ನನ್ನ ಹತ್ತಿರ ಪ್ರೊಜೆಕ್ಟರ್ ಉಂಟು ಮಾಷ್ಟ್ರೆ, ಬೇಕಾದ್ರೆ ತರ್ತೇನೆ, ಕರೆಂಟ್ ಹೋದ್ರೆ ಇನ್ವರ್ಟರ್ ಉಂಟಾ ಅಂತ ಮೊದಲೇ ನೋಡಿಡಿ.

ಮುಳ್ಳೇರಿಯ ಮಾಷ್ಟ್ರು:
ಇನ್ವರ್ಟರ್ ಉಂಟು. ಪೋಷಕರ ಸಭೆಗೆ ಈ ಚರ್ಚೆಯನ್ನು ಹಾಗೇ ಪ್ರಿಂಟ್ ತೆಗೆದು ಕೊಂಡೋಗ್ತೇನೆ. ದಿನ ನಿಶ್ಚಯ ಆದ ಕೂಡ್ಲೇ ಇಲ್ಲೇ ಹಾಕ್ತೇನೆ, ಮಳೆ ಶುರುವಾಗುವ ಮೊದಲೇ ಆಗ್ಬೇಕು, ಮಳೆಗೆ ಬಿಲಕ್ಕೆ ನೀರು ನುಗ್ಗಿದ್ರೆ ಹಾವು ಮನೆಯ ಹತ್ತಿರ ಬರುವುದು ಹೆಚ್ಚು.